ಒಂಟಿ ಬೋರ್ಡು, ಜೋಡಿ ಬೋರ್ಡು

ಗೌರಿಬಿದನೂರಿನ ಕೈಗಾರಿಕಾ ಪ್ರದೇಶದ ಕೊನೆಯ ಸಾಲಿನ ಷೆಡ್ಡೊಂದರಲ್ಲಿ ಒಂದು ಕಾಲಕ್ಕೆ ಸಿ.ಡಿ. ಪ್ಲೇಯರ್‌ಗಳು ತಯಾರಾಗುತ್ತಿದ್ದವು. ಒಂದೊಂದು ಪ್ಲೇಯರೂ ರಟ್ಟಿನ ಪೆಟ್ಟಿಗೆ ಸೇರುವ ಮೊದಲು ಅದನ್ನು ಹಾಕಿ ಕೇಳಿ, ಹೊರಗೆ ಹೋಗಬಹುದು ಎಂದು ತಲೆಯಾಡಿಸುತ್ತಿದ್ದವಳು ಕವಿತ. ಅವಳು ಬೇಡವೆಂದರೆ ಪೆಟ್ಟಿಗೆ ಮತ್ತೆ ಮೇಜಿಗೆ ವಾಪಸು. ಮಾಲೀಕರೂ ಅದಕ್ಕೆ ಎದುರಾಡುತ್ತಿರಲಿಲ್ಲ.

ಕವಿತಳ ತವರು ಮೇಲೂರು. ಅಪ್ಪ ಕೊಂಡಪ್ಪ, ಅಮ್ಮ ಆದಿಲಕ್ಷ್ಮಮ್ಮ ಇಬ್ಬರೂ ಬೇರೆಯವರ ಷೆಡ್ಡಿನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ಗೂಡು ಬೇಯುವ ನೀರಿನ ವಾಸನೆ, ರಾಟೆಗಳ ಸದ್ದು ಇವೆರಡರ ನಡುವೆಯೇ ಅವಳು ಬೆಳೆದಳು. ಎಳೆ ಕಡಿದ ರಾಟೆಯ ಸದ್ದು ಉಳಿದವುಗಳಿಗಿಂತ ಕೊಂಚ ಹಗುರಾಗುತ್ತದೆ. ಗೋಡೆಗೊರಗಿ ಓದಿಕೊಳ್ಳುತ್ತಿದ್ದ ಹುಡುಗಿ ಪುಸ್ತಕದಿಂದ ತಲೆಯೆತ್ತದೆ, ಅಮ್ಮ ನಿಂದು ಕಡೀತು ನೋಡು, ಎನ್ನುತ್ತಿದ್ದಳಂತೆ. ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಪಿಯುಸಿ ಮುಗಿದ ಮೇಲೆ ಗೌರಿಬಿದನೂರಿನ ವೇಣುವಿನ ಜೊತೆ ಮದುವೆಯಾಯಿತು. ಬುದ್ಧನ ಪಟದ ಮುಂದೆ ಪಂಚಶೀಲ ಹೇಳಿ ನಡೆದ ಸರಳ ಮದುವೆ. ವೇಣು ಡೇರಿಯ ಹಾಲಿನ ವ್ಯಾನು ಓಡಿಸುತ್ತಿದ್ದ. ಬೆಳಗಿನ ಜಾವವೇ ಹೊರಟುಬಿಡುವವನು, ಮಾತು ಕಡಿಮೆ.

ಮದುವೆಯಾದ ಎರಡನೆಯ ವರ್ಷ ಹೆಣ್ಣುಮಗು ಹುಟ್ಟಿತು. ಅದು ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ. ಅಲ್ಲಿಂದಾಚೆಗೆ ಕವಿತ ಬಾಗಿಲು ಹಾಕಿಕೊಂಡು ಒಳಗೇ ಕೂತಳು. ನಲ್ಲಿಯಿಂದ ಬೀಳುವ ಹನಿ, ಗಡಿಯಾರದ ಮುಳ್ಳು, ಪಕ್ಕದ ಮನೆಯವರ ಕೊಡ ನೆಲಕ್ಕೆ ತಾಗುವ ಸದ್ದು, ಎಲ್ಲವೂ ಅವಳಿಗೆ ಹತ್ತಿರದಲ್ಲೇ ಆದಂತೆ ಕೇಳಿಸುತ್ತಿತ್ತು. ಮನುಷ್ಯರ ಮಾತು ಮಾತ್ರ ದೂರದಿಂದ ಬಂದಂತಿರುತ್ತಿತ್ತು.

ಹಿಂದಿನ ಬೀದಿಯ ಅಮ್ಮಾಜಮ್ಮ ಒಂದು ದಿನ ಬಂದು ಬಾಗಿಲು ತಟ್ಟಿದಳು. ನಲವತ್ತು ದಾಟಿದ ಹೆಂಗಸು. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳನ್ನು ಚಿಂತಾಮಣಿಗೆ ಮದುವೆ ಮಾಡಿಕೊಟ್ಟಿದ್ದಳು. ಪ್ಲೇಯರ್ ಷೆಡ್ಡಿನಲ್ಲಿ ಬೆಸುಗೆ ಹಾಕುವ ಕೆಲಸ ಅವಳದು.

"ಏಮ್ಮಾ, ಗೋಡೆ ನೋಡ್ಕೊಂಡು ಕೂತ್ರೆ ಗೋಡೆ ಏನ್ ಮಾತಾಡ್ತದಾ? ಬಾ, ನಮ್ ಜೊತೆ ಬಂದು ಕೂತ್ಕೊ. ಕೆಲ್ಸ ಮಾಡ್ದಿದ್ರೂ ಪರವಾಗಿಲ್ಲ, ನಾನು ಮಾತಾಡ್ಕೊಂಡು ಬರ್ತೀನಿ ನಮ್ ಸಾಹುಕಾರ್ರ ಹತ್ರ," ಎಂದಳು.

ಹೀಗೆ ಕವಿತ ಆ ಷೆಡ್ಡಿಗೆ ಹೋದಳು. ಅಮ್ಮಾಜಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಸುಗೆ ಕಲಿಸಿದಳು. ಕಾಯ್ದ ಕಬ್ಬಿಣದ ತುದಿಯನ್ನು ಎಷ್ಟು ಹೊತ್ತು ತಾಗಿಸಬೇಕು, ಸೀಸ ಎಷ್ಟು ಕರಗಬೇಕು ಎಂಬುದನ್ನೆಲ್ಲ ಕೈಹಿಡಿದು ತೋರಿಸಿದಳು. ಮೊದಲ ತಿಂಗಳೆಲ್ಲ ಕವಿತಳಿಗೆ ಕೆಲಸ ಮಾಡುತ್ತಲೇ ಕಣ್ಣಲ್ಲಿ ನೀರು ಬರುತ್ತಿತ್ತು. ಹೊಗೆ ಕಣಮ್ಮ, ನಮಗೂ ಬರ್ತದೆ, ಎಂದು ಅಮ್ಮಾಜಮ್ಮ ಉಳಿದವರಿಗೆ ಕೇಳುವಂತೆ ಹೇಳುತ್ತಿದ್ದಳು.

ಷೆಡ್ಡಿನ ಮಾಲೀಕರು ಚನ್ನಕೇಶವ. ನಂದಿಯ ಕಡೆಯ ಜಮೀನುದಾರರ ಮನೆಯವರು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ದುಡಿದು, ಸ್ವಯಂ ನಿವೃತ್ತಿ ಪಡೆದು ಬಂದು ಇದನ್ನು ಶುರುಮಾಡಿದ್ದರು. ಸಂಗೀತವೆಂದರೆ ಪ್ರಾಣ. ಪ್ಲೇಯರಿನ ಒಳಗಿನ ನಕಾಶೆಯನ್ನು ತಾವೇ ಕೂತು ಬರೆದಿದ್ದರು. ಹೊಸಬರು ಕೆಲಸಕ್ಕೆ ಸೇರಿದಾಗ ಅವರು ಮೊದಲು ಹೇಳುತ್ತಿದ್ದುದು ಒಂದೇ ಮಾತು: ಸಿ.ಡಿ.ಯಲ್ಲಿ ಹಾಡಿಲ್ಲಮ್ಮ, ಬರೀ ಅಂಕಿಗಳಿವೆ. ಆ ಅಂಕಿಗಳನ್ನು ಮತ್ತೆ ನಾದ ಮಾಡುವುದು ಕನ್ವರ್ಟರ್ ಎಂಬ ಈ ಪುಟ್ಟ ಚಿಪ್. ಬೇರೆಯವರ ಪ್ಲೇಯರಿನಲ್ಲಿ ಎಡಗಿವಿಗೂ ಬಲಗಿವಿಗೂ ಸೇರಿ ಒಂದೇ ಚಿಪ್ ಇರುತ್ತದೆ. ನಮ್ಮದರಲ್ಲಿ ಎಡಕ್ಕೊಂದು, ಬಲಕ್ಕೊಂದು. ಒಬ್ಬಳೇ ಸೊಸೆ ಎರಡು ಒಲೆ ನೋಡಿಕೊಂಡರೆ ಯಾವುದರದೋ ಒಂದರ ಹಾಲು ಉಕ್ಕುತ್ತದೆ, ಅದಕ್ಕೇ ನಾನು ಇಬ್ಬರನ್ನಿಟ್ಟಿದ್ದೇನೆ, ಎನ್ನುತ್ತಿದ್ದರು.

ಹಾಗಾಗಿ ಷೆಡ್ಡಿನಲ್ಲಿ ಎರಡು ಉದ್ದನೆಯ ಮೇಜುಗಳು. ಒಂದರಲ್ಲಿ ಎಡದ ಬೋರ್ಡು, ಇನ್ನೊಂದರಲ್ಲಿ ಬಲದ ಬೋರ್ಡು. ಬಲದ ಮೇಜಿನ ಹಿರಿಯಳು ಅಮ್ಮಾಜಮ್ಮ.

ಕವಿತಳ ಕಿವಿಯ ವಿಷಯ ಬೆಳಕಿಗೆ ಬಂದದ್ದು ಆಕಸ್ಮಿಕವಾಗಿ. ಪರೀಕ್ಷೆಯಾಗಿ ಮುಗಿದ ಪ್ಲೇಯರೊಂದು ಹಾಡುತ್ತಿದ್ದಾಗ, ಇದರಲ್ಲಿ ಏನೋ ಜೀರುಂಡೆ ಕೂಗಿದ ಹಾಗೆ ಕೇಳಿಸ್ತಿದೆ, ಎಂದಳು. ಬಿಚ್ಚಿ ನೋಡಿದರೆ ಒಂದು ತಂತಿಯ ಬೆಸುಗೆ ಸಡಿಲವಾಗಿತ್ತು. ಮತ್ತೆರಡು ಸಲ ಹೀಗೇ ಆದ ಮೇಲೆ ಚನ್ನಕೇಶವ ಅವಳನ್ನು ಮೇಜಿನಿಂದ ಎಬ್ಬಿಸಿ ಕೇಳುವ ಕುರ್ಚಿಗೆ ಕೂರಿಸಿದರು. ಅದು ಎರಡು ಸಾವಿರದ ಮೂರನೆಯ ಇಸವಿ.

ಕವಿತ ಬದುಕಿಗೆ ಮರಳಿದ್ದು ಆ ಕುರ್ಚಿಯಿಂದ. ದಿನವಿಡೀ ವೀಣೆ, ಕೊಳಲು, ಮೃದಂಗ. ಮೇಲೂರಿನ ಮನೆಯಲ್ಲಿ ಯಾರೂ ಕೇಳದಿದ್ದ ಸಂಗೀತ. ನಿಧಾನವಾಗಿ ಅವಳಿಗೆ ಅದರಲ್ಲೊಂದು ಜಾಗ ಕಾಣತೊಡಗಿತು. ವೀಣೆ ಎಡಗಡೆ, ಮೃದಂಗ ಬಲಗಡೆ, ನಡುವೆ ಗುಡಿಸಿ ನೀರು ಹಾಕಿದ ಅಂಗಳದಂಥ ಬಯಲು. ಚನ್ನಕೇಶವರನ್ನು ಕಾಣಲು ಬಂದವರ ಮುಂದೆ ಅವಳು ಅದನ್ನು ಹೇಳುತ್ತಿದ್ದಳು. ಎರಡು ಚಿಪ್ ಇರುವುದರಿಂದಲೇ ಆ ಅಂಗಳ ಎಂದು ಚನ್ನಕೇಶವರು ಹೇಳಿದ್ದರು, ಅವಳು ನಂಬಿದ್ದಳು. ಬರುಬರುತ್ತ ಅದು ತಾನೇ ಕಂಡುಕೊಂಡ ಸಂಗತಿಯೆಂಬಂತೆ ಆಗಿಹೋಗಿತ್ತು. ಒಂಟಿ ಚಿಪ್ಪಿನ ಪ್ಲೇಯರನ್ನು ಪಕ್ಕದಲ್ಲಿಟ್ಟು ಅವಳು ಒಮ್ಮೆಯೂ ಕೇಳಿರಲಿಲ್ಲ.

ಮೂರು ವರ್ಷ ಕಳೆದ ಮೇಲೆ ಚನ್ನಕೇಶವರ ತಂಗಿಯ ಮಗ ಚೈತನ್ಯ ಎಂಜಿನಿಯರಿಂಗ್ ಮುಗಿಸಿ ಷೆಡ್ಡಿಗೆ ಬಂದ. ಮೃದು ಸ್ವಭಾವದ ಹುಡುಗ, ಹೆಂಗಸರನ್ನೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ. ಪ್ಲೇಯರ್ ಕೊಳ್ಳುವವರು ಕಡಿಮೆಯಾಗುತ್ತಿದ್ದ ಕಾಲ ಅದು. ಹೊಸದಾಗಿ ಬಂದಿರುವ ಚಿಪ್ಪಿನಲ್ಲಿ ಎಡಬಲ ಎರಡೂ ಒಂದರೊಳಗೇ ಇವೆ, ಹಳೆಯ ಜೋಡಿಗಿಂತ ಅದು ಯಾವುದರಲ್ಲೂ ಕಡಿಮೆಯಿಲ್ಲ, ಒಂದೇ ಬೋರ್ಡು ಸಾಕು, ಹಾಗಾದರೆ ಬೆಲೆ ಇಳಿಸಿ ಇನ್ನಷ್ಟು ದಿನ ನಿಲ್ಲಬಹುದು ಎಂದು ಅವನು ಮಾವನಿಗೆ ಹೇಳಿದ. ಒಂದು ಮಾದರಿಯನ್ನೂ ಮಾಡಿ ತಂದ.

ಎಲ್ಲರನ್ನೂ ಕೂರಿಸಿ ಎರಡನ್ನೂ ಕೇಳಿಸಿದರು. ಜೋಡಿ ಬೋರ್ಡೇ ಚೆನ್ನ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. ಚೈತನ್ಯ ಮೀಟರು ಹಿಡಿದು ಅಳೆದು, ಜೋಡಿಯ ಧ್ವನಿ ಕೂದಲೆಳೆಯಷ್ಟು ಜೋರಾಗಿದೆ, ಜೋರಾಗಿದ್ದದ್ದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ, ಎಂದು ಎರಡನ್ನೂ ಸಮಮಾಡಿ ಮತ್ತೆ ಹಾಕಿದ. ಈ ಸಲ ಯಾವುದು ಚೆನ್ನ ಎಂದು ಯಾರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಚನ್ನಕೇಶವರ ಮುಖ ಬಾಡಿತು. ಕಡೆಗೆ ಅವರು, ಕವಿತ ಕೇಳಿ ಹೇಳಲಿ, ಯಾವುದು ಯಾವುದೆಂದು ಅವಳಿಗೆ ಕಾಣದ ಹಾಗೆ ಇಟ್ಟು ಕೇಳಿಸು, ಅವಳು ಹೇಳಿದ್ದೇ ಕಡೆಯ ಮಾತು, ಎಂದರು.

ಒಂದೇ ಬೋರ್ಡಾದರೆ ಬಲದ ಮೇಜು ಇರುವುದಿಲ್ಲ. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಆ ಮೇಜಿನ ಚಿಕ್ಕವೆಂಕಟಮ್ಮ ಕವಿತಳ ತಟ್ಟೆಗೆ ಹುರುಳಿಕಾಳಿನ ಸಾರು ಬಡಿಸುತ್ತ, "ನಮ್ ಅನ್ನ ನಿನ್ ಕಿವೀಲಿ ಇದೆ ಕಣಮ್ಮ," ಎಂದಳು. ಅಮ್ಮಾಜಮ್ಮ ಅವಳನ್ನು ಗದರಿಸಿ ಸುಮ್ಮನಾಗಿಸಿದಳು. ತಾನು ಮಾತ್ರ ಕವಿತಳನ್ನು ಏನೂ ಕೇಳಲಿಲ್ಲ.

ಪರೀಕ್ಷೆ ನಡೆದದ್ದು ಆಫೀಸಿನ ಕೋಣೆಯಲ್ಲಿ. ಮೇಜಿನ ಮೇಲೆ ಎರಡು ಪ್ಲೇಯರ್, ಅವುಗಳ ಮುಂದೆ ಹಗ್ಗಕ್ಕೆ ಹಾಕಿದ ಬೆಡ್‌ಶೀಟು. ಈಚೆಗೆ ಎರಡು ಸ್ಪೀಕರ್, ಅವುಗಳ ಎದುರಿಗೆ ಕವಿತ. ಚೈತನ್ಯ ಪರದೆಯ ಆಚೆ ನಿಂತು ಒಮ್ಮೆ ಇದನ್ನು ಒಮ್ಮೆ ಅದನ್ನು ಹಾಕುವುದು, ಯಾವುದೆಂದು ಅವಳು ಹೇಳುವುದು.

ಮೊದಲ ಸಲ ವೀಣೆ ಶುರುವಾಗುವ ಮುಂಚೆ ಪರದೆಯ ಆಚೆ ಟಕ್ ಎಂದಿತು. ಎರಡನೆಯ ಸಲವೂ ಏನೋ ಸದ್ದಾಯಿತು, ಆದರೆ ಅದು ಟಕ್ ಅಲ್ಲ, ಟಟಕ್. ಎರಡು ಬಳೆ ತಾಗಿದಂತೆ, ಒಂದರ ಬೆನ್ನಿಗೊಂದು. ಕವಿತಳಿಗೆ ತಕ್ಷಣ ತಿಳಿಯಿತು. ಹಾಡು ಶುರುವಾಗುವಾಗ ಸ್ಪೀಕರಿಗೆ ಧಡ್ ಎಂಬ ಪೆಟ್ಟು ಬೀಳದಿರಲೆಂದು ಪ್ಲೇಯರಿನೊಳಗೆ ಒಂದು ಪುಟ್ಟ ರಿಲೇ ಸ್ವಿಚ್ಚು ಇರುತ್ತದೆ. ಜೋಡಿ ಬೋರ್ಡಿನಲ್ಲಿ ಅದೂ ಎರಡು. ಅವೆರಡೂ ಒಟ್ಟಿಗೇ ಬೀಳುವುದಿಲ್ಲ, ಒಂದು ಚೂರು ಹಿಂದೆ ಮುಂದೆ.

ಅವಳು ಅದನ್ನು ಹುಡುಕಿರಲಿಲ್ಲ, ತಾನಾಗಿ ಬಂದು ಕಿವಿಗೆ ಬಿತ್ತು. ಒಮ್ಮೆ ಬಿದ್ದ ಮೇಲೆ ಕೇಳದಂತೆ ಇರುವುದು ಹೇಗೆ? ವೀಣೆ ಬರುವ ಮೊದಲೇ ಅದರ ಹೆಸರು ತಿಳಿದುಹೋಗುತ್ತಿತ್ತು. ಜೋಡಿ, ಎಂದಳು. ಒಂಟಿ, ಎಂದಳು. ಒಮ್ಮೆಯೂ ತಪ್ಪಲಿಲ್ಲ.

ಚೈತನ್ಯ ಪರದೆ ಸರಿಸಿ ಈಚೆಗೆ ಬಂದ. ಅವನ ಮುಖದಲ್ಲಿ ಸೋತ ಬೇಸರವಿರಲಿಲ್ಲ, ಬೆರಗಿತ್ತು. "ನಂದೇ ತಪ್ಪು ಕವಿತಕ್ಕ. ಲೆಕ್ಕದ ಪ್ರಕಾರ ಈ ವ್ಯತ್ಯಾಸ ಮನುಷ್ಯರ ಕಿವಿಗೆ ಸಿಗಬಾರದು. ನಿಮಗೆ ಸಿಕ್ಕಿದೆ. ಇನ್ನು ನಾನು ಈ ಮಾತು ಎತ್ತಲ್ಲ," ಎಂದ. ಚನ್ನಕೇಶವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೊರಗೆ ಬಂದಾಗ ಚಿಕ್ಕವೆಂಕಟಮ್ಮ ಅವಳ ಬಾಯಿಗೆ ಬೆಲ್ಲದ ಚೂರು ಹಾಕಿದಳು. ಅಮ್ಮಾಜಮ್ಮ ಒಂದು ಕ್ಷಣ ಕವಿತಳ ತಲೆಯ ಮೇಲೆ ಕೈಯಿಟ್ಟು ತನ್ನ ಜಾಗಕ್ಕೆ ಹೋದಳು.

ಕವಿತ ನಲ್ಲಿಯ ಹತ್ತಿರ ಹೋಗಿ ಬಾಯಿ ತೊಳೆದುಕೊಂಡಳು. ಯಾರೂ ಅವಳ ಹತ್ತಿರ ಸುಳ್ಳು ಹೇಳಿಸಿರಲಿಲ್ಲ, ಅವಳು ಹೇಳಿದ ಉತ್ತರಗಳೂ ಸುಳ್ಳಲ್ಲ. ಸಂಜೆ ಮನೆಯ ಮುಂದೆ ವೇಣು ವ್ಯಾನು ತೊಳೆಯುತ್ತಿದ್ದಾಗ ನಡೆದದ್ದನ್ನೆಲ್ಲ ಹೇಳಿದಳು. ಅವನು ಕೈಯಲ್ಲಿದ್ದ ಬಟ್ಟೆ ಹಿಂಡುತ್ತ, "ಸರಿಯಾಗೇ ಹೇಳಿದ್ಯಲ್ಲ. ಹೆಂಗೆ ಹೇಳ್ದೆ ಅಂತ ಯಾರಾದ್ರೂ ಕೇಳಿದ್ರಾ?" ಎಂದ.

"ಯಾರೂ ಕೇಳ್ಲಿಲ್ಲ."

"ಮತ್ತೆ ಬಿಡು. ನಾಕು ಮನೆ ಒಲೆ ಉರೀತದೆ."

ಅವನ ಮಾತಿನಲ್ಲಿ ತಪ್ಪೇನಿತ್ತು ಎಂದು ಅವಳಿಗೆ ಹೇಳಲಾಗಲಿಲ್ಲ. ಆದರೆ ಅವಳನ್ನು ಕೊರೆಯುತ್ತಿದ್ದುದು ಇನ್ನೊಂದು. ಮೂರು ವರ್ಷದಿಂದ ಬಂದವರಿಗೆಲ್ಲ ಹೇಳುತ್ತಿದ್ದ ಆ ಅಂಗಳ ನಿಜವಾಗಿ ಜೋಡಿ ಬೋರ್ಡಿನದೇ? ಇಂದು ಟಕ್ ಎಂಬ ಸದ್ದು ಅಡ್ಡಬಂದು ಅದನ್ನು ತಿಳಿಯಲು ಬಿಡಲೇ ಇಲ್ಲ. ಒಂದು ವೇಳೆ ನಿಜವೇ ಆಗಿದ್ದರೆ ಹೆದರಬೇಕಾದ್ದೇನೂ ಇಲ್ಲವಲ್ಲ, ಎಂದು ತನಗೆ ತಾನೇ ಹೇಳಿಕೊಂಡಳು.

ಮರುದಿನ ಉಳಿದವರು ಬರುವ ಮೊದಲೇ ಹೋಗಿ ಚೈತನ್ಯನಿಗೆ, ಪ್ಲೇಯರ್‌ಗಳನ್ನು ಪಕ್ಕದ ಕೋಣೆಯಲ್ಲಿಟ್ಟು ಕಿಟಕಿಯಿಂದ ವೈರು ಎಳೆದು ಇನ್ನೊಮ್ಮೆ ಕೇಳಿಸುತ್ತೀರಾ ಎಂದಳು. ಯಾಕೆಂದು ಕೇಳಿದ. ರಿಲೇಯ ಸದ್ದಿನ ವಿಷಯ ಹೇಳಿದಳು. ಅವನು ಪ್ಲೇಯರಿಗೆ ಕಿವಿಯೊಡ್ಡಿ ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ಕೇಳಿದ. ಹಿಂದಿನ ದಿನ ಆ ಸದ್ದಿನ ಪಕ್ಕದಲ್ಲೇ ನಿಂತಿದ್ದರೂ, ಯಾವುದನ್ನು ಒತ್ತುತ್ತಿದ್ದೇನೆಂದು ಅವನಿಗೆ ಗೊತ್ತಿದ್ದುದರಿಂದ ಅವನ ಕಿವಿ ಅತ್ತ ಹೋಗಿರಲಿಲ್ಲ. ಆಮೇಲೆ ವೈರು ತರಲು ಹೋದ.

ಈ ಸಲ ಟಕ್ ಎಂಬ ಸದ್ದಿರಲಿಲ್ಲ. ಕವಿತ ಕಣ್ಣು ಮುಚ್ಚಿ ಕೂತಳು. ವೀಣೆ ಬಂತು, ಮೃದಂಗ ಬಂತು. ಅಂಗಳ ಕಾಣಿಸಿತು. ಇದೇ ಜೋಡಿ, ಎಂದುಕೊಂಡಳು. ಮುಂದಿನ ಸಲವೂ ಅದೇ ಅಂಗಳ, ಅಷ್ಟೇ ಅಗಲ, ಅಷ್ಟೇ ಚೊಕ್ಕಟ. ಅದರ ಮುಂದಿನ ಸಲವೂ ಅದೇ. ಅದು ಕಾಣದೆ ಹೋಗಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ಎರಡರಲ್ಲೂ ಅದು ಇತ್ತು. ಹಾಡಿದವರು, ನುಡಿಸಿದವರು, ಅದನ್ನು ಹಿಡಿದಿಟ್ಟವರು ಮಾಡಿದ ಅಂಗಳ ಅದು. ಒಂದು ಚಿಪ್ಪಾದರೂ ಎರಡಾದರೂ ಹಾಗೆಯೇ ಇರುತ್ತಿತ್ತು. ಅವಳ ಉತ್ತರಗಳು ಕಣ್ಣುಮುಚ್ಚಿ ಕಲ್ಲೆಸೆದಂತೆ ಅರ್ಧ ತಾಗಿ ಅರ್ಧ ತಪ್ಪಿದವು.

ಚನ್ನಕೇಶವ ಬಂದರು. ವಿಷಯ ತಿಳಿದು ತಾವೂ ಅದೇ ಕುರ್ಚಿಯಲ್ಲಿ ಕೂತು ಕೇಳಿದರು. ತಾವೇ ಬರೆದ ನಕಾಶೆಯ ಪ್ಲೇಯರನ್ನು ಗುರುತಿಸಲು ಅವರಿಗೂ ಆಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

"ನಿಂಗೂ ಗೊತ್ತಾಗ್ಲಿಲ್ವೇನಮ್ಮ?"

"ಇಲ್ಲ ಸಾರ್. ಎರಡೂ ಒಂದೇ."

"ನಿನ್ನೆ ಹೇಳಿದ್ದಕ್ಕೇ ಸುಮ್ನಿದ್ಬಿಟ್ಟಿದ್ರೂ ಆಗ್ತಿತ್ತಲ್ಲ ನೀನು," ಎಂದರು. ಬೈದರೋ ಮೆಚ್ಚಿದರೋ ಅವಳಿಗೆ ಗೊತ್ತಾಗಲಿಲ್ಲ. ಪ್ರಾಯಶಃ ಅವರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಮೇಜಿನವರಿಗೆ ಹೇಳಿಬಿಡಬೇಕೆಂದುಕೊಂಡಿದ್ದಳು. ಅಮ್ಮಾಜಮ್ಮ ಮಗಳ ಬಾಣಂತನದ ಮಾತು ತೆಗೆದಿದ್ದಳು, ಚಿಂತಾಮಣಿಗೆ ಹೋಗಿಬರಬೇಕು, ಮೆಂತ್ಯದ ಲಾಡು ಮಾಡಬೇಕು ಎನ್ನುತ್ತಿದ್ದಳು. ಆ ಮಾತಿನ ನಡುವೆ ಬಾಯಿ ಹಾಕಲು ಆಗಲಿಲ್ಲ. ನಾಳೆ ಎಂದುಕೊಂಡಳು. ನಾಳೆಯೂ ಆಗಲಿಲ್ಲ. ಚನ್ನಕೇಶವರು ಇನ್ನೂ ಏನೂ ತೀರ್ಮಾನಿಸಿಲ್ಲ, ಬಹುಶಃ ಅಭಿಮಾನಕ್ಕಾದರೂ ಜೋಡಿಯನ್ನೇ ಉಳಿಸಿಕೊಂಡಾರು, ಎಂಬ ಆಸೆ ಅವಳ ನಾಲಿಗೆಯನ್ನು ಕಟ್ಟಿಹಾಕಿತ್ತು.

ವಾರ ಕಳೆದ ಮೇಲೆ ಅವರು ಎಲ್ಲರನ್ನೂ ಷೆಡ್ಡಿನ ನಡುವೆ ಕರೆದರು. ಮುಂದಿನ ತಿಂಗಳಿಂದ ಒಂಟಿ ಬೋರ್ಡು, ಬಲದ ಮೇಜು ಇರುವುದಿಲ್ಲ, ಎಂದರು. ಹೆಂಗಸರು ಕವಿತಳ ಕಡೆ ತಿರುಗಿದರು. ಅವಳೇ ಕೇಳಿ ಹೇಳಿದ್ದಳಲ್ಲ ಸಾರ್, ಎಂದು ಯಾರೋ ಅಂದರು. ಆಗ ಅವರು ಹೇಳಿಬಿಟ್ಟರು. "ಅವಳೇ ಮತ್ತೆ ಬಂದು ಹೇಳಿದ್ದು, ವ್ಯತ್ಯಾಸ ಇಲ್ಲ ಅಂತ."

ಯಾರೂ ಜಗಳವಾಡಲಿಲ್ಲ. ಅಮ್ಮಾಜಮ್ಮ ತನ್ನ ಜಾಗಕ್ಕೆ ಹೋಗಿ ಬೆಸುಗೆ ಕಬ್ಬಿಣದ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿ, ಅರ್ಧಕ್ಕೆ ನಿಂತಿದ್ದ ಬೋರ್ಡನ್ನು ಪೂರ್ತಿ ಮಾಡಿದಳು. ಆಮೇಲೆ ಕೈತೊಳೆದುಕೊಂಡು ಚೀಲ ಹಿಡಿದು ಹೊರಟಳು. ಎಂದಿನಂತೆ ಬಾಗಿಲಲ್ಲಿ ಕವಿತಳಿಗಾಗಿ ಕಾಯಲಿಲ್ಲ.

ಕವಿತ ಚನ್ನಕೇಶವರ ಮುಂದೆ ಹೋಗಿ, ನನ್ನನ್ನು ಬಿಡಿಸಿ ಅಮ್ಮಾಜಮ್ಮನನ್ನು ಎಡದ ಮೇಜಿಗೆ ಹಾಕಿಕೊಳ್ಳಿ, ಎಂದು ಬೇಡಿಕೊಂಡಳು. ನೀನು ಹೋದರೆ ಕೇಳುವವರು ಯಾರು, ಎಂದರು ಅವರು. ಕೇಳುವುದಕ್ಕೆ ಏನೂ ಇಲ್ಲವೆಂದು ಗೊತ್ತಾಯಿತಲ್ಲ ಸಾರ್, ಎಂದಳು. ಕೆಟ್ಟ ಬೆಸುಗೆ, ಒಂದು ಬದಿಯ ಸದ್ದೇ ಬಾರದಿರುವುದು, ಜೀರುಂಡೆಯ ಸದ್ದು ಇವೆಲ್ಲ ಇದ್ದೇ ಇವೆಯಲ್ಲ, ಎಂದು ಅವರು ನಯವಾಗಿಯೇ ಹೇಳಿ ಮಾತು ಮುಗಿಸಿದರು. ಚೈತನ್ಯ ತನ್ನ ಕೈಲಾದಷ್ಟು ಓಡಾಡಿ ಇಬ್ಬರಿಗೆ ಹತ್ತಿರದ ಬಟ್ಟೆ ಗಿರಣಿಯಲ್ಲಿ ಕೆಲಸ ಕೊಡಿಸಿದ. ಅಮ್ಮಾಜಮ್ಮ ಅವನ ಹತ್ತಿರ ಏನೂ ಕೇಳಲಿಲ್ಲ.

ಭಾನುವಾರ ಕವಿತ ಅವಳ ಮನೆಗೆ ಹೋದಳು. ಅಮ್ಮಾಜಮ್ಮ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೂತ್ಕೊ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಕವಿತ ತಾನೇ ಕೂತು ಒಂದು ಹಿಡಿ ಹುಣಸೆಹಣ್ಣು ತೆಗೆದುಕೊಂಡು ಬಿಡಿಸತೊಡಗಿದಳು. ನಡೆದದ್ದನ್ನೆಲ್ಲ ಹೇಳಿ, ತಪ್ಪು ಮಾಡಿದೆನಾ ಅಮ್ಮ, ಎಂದು ಕೇಳಿದಳು.

ಅಮ್ಮಾಜಮ್ಮ ಕೈನಿಲ್ಲಿಸದೆ ಕೇಳಿಸಿಕೊಂಡಳು. "ಇಲ್ಲದ್ದನ್ನ ಇದೆ ಅಂತ ನೀನು ಹೇಳ್ಬೇಕಾಗಿತ್ತು ಅಂತ ನಾನು ಅನ್ನಲ್ಲಮ್ಮ. ನಾನೇ ಆಗಿದ್ರೆ ಏನ್ ಮಾಡ್ತಿದ್ನೋ, ನಂಗೆ ಗೊತ್ತಿಲ್ಲ." ಬೀಜವೊಂದನ್ನು ಬದಿಗೆಸೆದು ಹೇಳಿದಳು, "ಆದ್ರೆ ಅನ್ನ ಹೋಗೋದು ನಮ್ದು. ನಮಗೆ ಮೊದ್ಲು ಹೇಳ್ಬೇಕಾಗಿತ್ತು. ಒಂದು ವಾರ ನನ್ ಪಕ್ಕದಲ್ಲೇ ಕೂತು ಉಂಡ್ಯಲ್ಲ ತಲ್ಲಿ, ಮೆಂತ್ಯದ ಲಾಡಿನ ಮಾತು ಕೇಳಿಸ್ಕೊಂಡು."

ಬುಟ್ಟಿ ಖಾಲಿಯಾಗುವವರೆಗೂ ಇಬ್ಬರೂ ಬೀಜ ಬಿಡಿಸಿದರು. ಕೆಲವೇ ದಿನಗಳಲ್ಲಿ ಅಮ್ಮಾಜಮ್ಮ ಬಾಡಿಗೆ ಮನೆ ಖಾಲಿಮಾಡಿ ಚಿಂತಾಮಣಿಗೆ, ಮಗಳ ಹತ್ತಿರ ಹೋದಳು. ಅಲ್ಲಿ ಮಾರುಕಟ್ಟೆಯಲ್ಲಿ ಟೊಮೇಟೊ ಆರಿಸುವ ಕೆಲಸ ಹಿಡಿದಳೆಂದು ತಿಳಿಯಿತು.

ಒಂಟಿ ಬೋರ್ಡಿನ ಪ್ಲೇಯರ್ ಚೆನ್ನಾಗಿಯೇ ಹಾಡಿತು. ಕೊಂಡವರಲ್ಲಿ ಒಬ್ಬರೂ ದೂರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಜನ ಹಾಡುಗಳನ್ನು ಮೊಬೈಲಿನಲ್ಲಿ ತುಂಬಿಕೊಂಡು ತಿರುಗತೊಡಗಿದ್ದರು. ಬೆಲೆ ಇಳಿಸಿದ್ದರಿಂದ ಷೆಡ್ಡು ಎರಡು ವರ್ಷ ಹೆಚ್ಚು ಉಸಿರಾಡಿತು ಅಷ್ಟೆ. ಎರಡು ಸಾವಿರದ ಒಂಬತ್ತರಲ್ಲಿ ಚನ್ನಕೇಶವ ಅದಕ್ಕೆ ಬೀಗ ಹಾಕಿ ನಂದಿಗೆ ಮರಳಿ ದ್ರಾಕ್ಷಿ ತೋಟ ನೋಡಿಕೊಂಡರು. ಚೈತನ್ಯ ಮುದ್ದೇನಹಳ್ಳಿಯ ಕಡೆ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದ. ಕವಿತಳಿಗೆ ಚಿಕ್ಕಬಳ್ಳಾಪುರದ ಒಂದು ಧರ್ಮಾಸ್ಪತ್ರೆಯಲ್ಲಿ, ಕಿವಿ ಪರೀಕ್ಷೆಯ ವಿಭಾಗದಲ್ಲಿ ಸಹಾಯಕಿಯ ಕೆಲಸವಿದೆಯೆಂದು ತಿಳಿಸಿದವನೂ ಅವನೇ.

ಅಲ್ಲಿಯ ಕೆಲಸವನ್ನು ಅವಳು ಬೇಗ ಕಲಿತಳು. ಬಂದವರಿಗೆ ಹೆಡ್‌ಫೋನ್ ಹಾಕಿ, ಸಣ್ಣ ಸದ್ದುಗಳನ್ನು ಒಂದೊಂದಾಗಿ ಬಿಡಬೇಕು. ಕೇಳಿಸಿದರೆ ಅವರು ಕೈಯೆತ್ತಬೇಕು. ರೋಗಿಯನ್ನು ಯಾವಾಗಲೂ ಬೆನ್ನು ಮಾಡಿ ಕೂರಿಸುತ್ತಿದ್ದಳು. ಗುಂಡಿ ಒತ್ತುವ ಬೆರಳು ಕಂಡರೆ, ಏನೂ ಕೇಳಿಸದವರೂ ಕೈಯೆತ್ತಿಬಿಡುತ್ತಾರೆ. ಮೋಸ ಮಾಡಬೇಕೆಂದಲ್ಲ, ಕೇಳಿಸಲಿ ಎಂಬ ಆಸೆ. ಅದನ್ನು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಒಮ್ಮೆ ಬಯ್ಯಪ್ಪ ಎಂಬ ಮುದುಕರನ್ನು ಅವರ ಮಗ ಕರೆದುಕೊಂಡು ಬಂದಿದ್ದ. ಪರೀಕ್ಷೆಯಲ್ಲಿ ಬಲಗಿವಿ ಪೂರ್ತಿ ಹೋಗಿರುವುದು ಗೊತ್ತಾಯಿತು. ವೈದ್ಯರು ಚೀಟಿ ಬರೆದು, ವಿಷಯ ತಿಳಿಸಿ ಎಂದು ಅವಳ ಕೈಗೆ ಕೊಟ್ಟರು. ಮಗ ಅವಳನ್ನು ಪಕ್ಕಕ್ಕೆ ಕರೆದು, ನನಗೆ ಹೇಳಿ, ಅಪ್ಪನಿಗೆ ನಾನು ನಿಧಾನವಾಗಿ ಹೇಳಿಕೊಳ್ಳುತ್ತೇನೆ, ಎಂದ. ಕವಿತ ಅವನ ಮಾತಿಗೆ ತಲೆಯಾಡಿಸದೆ ಕುರ್ಚಿ ಎಳೆದುಕೊಂಡು ಮುದುಕರ ಎಡಗಡೆಗೆ ಹೋಗಿ ಕೂತಳು. ಅವರ ಕಿವಿಯ ಹತ್ತಿರ ಬಾಗಿ, "ತಾತ, ಬಲಗಿವಿ ಇನ್ನು ಬರಲ್ಲ. ಎಡದ್ದು ಚೆನ್ನಾಗಿದೆ. ಮೊದ್ಲು ನಿಮಗೇ ಹೇಳ್ತಿದೀನಿ," ಎಂದಳು. ಮುದುಕರು ಅವಳ ಮುಖವನ್ನೇ ನೋಡಿ, ನಂಗೆ ಹೋದ ಸುಗ್ಗೀಲೇ ಗೊತ್ತಾಗಿತ್ತು ಕಣಮ್ಮ, ಮಗನಿಗೆ ಹೆಂಗೆ ಹೇಳೋದು ಅಂತ ಸುಮ್ನಿದ್ದೆ, ಎಂದರು.

ಆಸ್ಪತ್ರೆಯವರು ಆಗಾಗ ಚಿಂತಾಮಣಿಯಲ್ಲಿ ಶಿಬಿರ ನಡೆಸುತ್ತಾರೆ. ಹೋದಾಗಲೆಲ್ಲ ಕವಿತ ಸಂಜೆಯ ಬಸ್ಸಿಗೆ ಮುಂಚೆ ಅಮ್ಮಾಜಮ್ಮನ ಮನೆಗೆ ಹೋಗಿಬರುತ್ತಾಳೆ. ಮೊದಲ ಸಲ ಬಾಗಿಲು ತೆರೆದ ಅಮ್ಮಾಜಮ್ಮ, ಬಂದ್ಯಾ, ಎಂದಷ್ಟೇ ಹೇಳಿ ಒಳಗೆ ಕರೆದಳು. ಈಗ ಮುದ್ದೆ ಉಂಡೇ ಹೋಗು ಎಂದು ತಡೆಯುತ್ತಾಳೆ. ಮೊಮ್ಮಗಳ ಶಾಲೆ, ಟೊಮೇಟೊ ದರ, ವೇಣುವಿನ ಬೆನ್ನುನೋವು, ಹೀಗೆ ಮಾತು ಸಾಗುತ್ತದೆ. ಗೌರಿಬಿದನೂರಿನ ಷೆಡ್ಡಿನ ಮಾತನ್ನು ಅವಳು ಎತ್ತುವುದಿಲ್ಲ, ಕವಿತಳೂ ಎತ್ತುವುದಿಲ್ಲ. ಹೊರಡುವಾಗ ಅಮ್ಮಾಜಮ್ಮ ಬೀದಿಯ ತಿರುವಿನಲ್ಲಿರುವ ಬಸ್ ನಿಲ್ದಾಣದವರೆಗೆ ಜೊತೆಗೆ ಬಂದು, ಬಸ್ಸು ಹೊರಡುವವರೆಗೂ ಅಲ್ಲಿ ನಿಂತಿರುತ್ತಾಳೆ.